ಒಂದಾಳು

ಮಲಯಾಳ ಸೀಮೆಯ ಕೇಣಿಚಿರದಲ್ಲಿ, ಮೂರು ದಾರಿ ಕೂಡುವಲ್ಲಿ, ಮಹದೇವಪ್ಪನ ಚಾಯದ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಎರಡು ಭಾಷೆ ಬಲ್ಲೆನೆಂಬ ಜಂಭ ಅವನಿಗೆ ತುಸು ಹೆಚ್ಚೇ ಇತ್ತು. ಆ ಜಂಭವೇ ಗೆಳೆಯನ ಕಾಲು ಮುರಿಯಿತು.

ಗೆಳೆಯ ಪೈಲಿ, ತೆಂಕಲಿಂದ ಬಂದು ಕಾಡು ಕಡಿದು ಮೆಣಸು ಹಬ್ಬಿಸಿದ ಕ್ರೈಸ್ತರ ಮನೆಯವನು. ಕೊಯಮತ್ತೂರಿನ ಗಿರಣಿಯಲ್ಲಿ ನಾಲ್ಕು ವರ್ಷ ದುಡಿದು ಬರುವಾಗ ಟ್ರಂಕಿನಲ್ಲಿ ಒಂದು ಇಂಗ್ಲಿಷ್ ಪುಸ್ತಕವನ್ನೂ ತಲೆಯಲ್ಲಿ ಅಮೆರಿಕದ ಮಾರ್ಮನ್ನರ ಮತವನ್ನೂ ತಂದಿದ್ದ. ಅಣ್ಣ ವರ್ಕಿಯೋ ಚರ್ಚಿನ ಉಪದೇಶಿ, ಮನೆಮನೆಗೆ ಹೋಗಿ ಬೈಬಲ್ ಹೇಳುವವನು. ಸಂಜೆಯಾದರೆ ಅಣ್ಣತಮ್ಮಂದಿರು ಅಂಗಡಿ ಬೆಂಚಿನ ಎರಡು ತುದಿಗೆ ಕೂತು ದೇವರನ್ನು ನಡುವೆ ಎಳೆದಾಡುತ್ತಿದ್ದರು.

ದೇವರು ಆತ್ಮ, ಅವನಿಗೆ ಮೈಯಿಲ್ಲ, ತಂದೆ ಮಗ ಪವಿತ್ರಾತ್ಮ ಮೂವರೂ ಒಬ್ಬನೇ ಎಂದು ವರ್ಕಿ. ಅಲ್ಲ, ತಂದೆಗೂ ನಮ್ಮಂತೆ ಮೂಳೆ ಮಾಂಸದ ಮೈಯಿದೆ, ಮಗ ಬೇರೆ, ಆತ್ಮ ಬೇರೆ ಎಂದು ಪೈಲಿ.

"ಮೈಯಿಲ್ಲದೋನಿಗೆ ನಮ್ಮ ನೋವು ಹೇಗೆ ಗೊತ್ತಾಗ್ತದೆ ಚೇಟಾ?" ಎಂದು ಪೈಲಿ ಅಣ್ಣನನ್ನು ಕೇಳುವನು.

"ಮೈ ಇದ್ದೋನು ಒಂದು ಕಡೆ ಕೂತ್ರೆ ಮಿಕ್ಕ ಲೋಕ ಯಾರು ನೋಡ್ತಾರೋ?"

ಮಹದೇವಪ್ಪನಿಗೆ ಇದು ಪುಕ್ಕಟೆ ನಾಟಕ. ಅವನ ಕುಲದ ದೇವರು ವರ್ಷಕ್ಕೊಮ್ಮೆ ಪೂಜಾರಿಯ ಮೈಮೇಲೆ ಬರುತ್ತಿತ್ತು. ಸ್ವಂತ ಮೈ ಇದ್ದರೆ ಪೂಜಾರಿಯ ಮೈ ಯಾಕೆ ಬೇಕು ಎಂದು ಒಮ್ಮೆ ಕೇಳಿ ಇಬ್ಬರಿಂದಲೂ ಬೈಸಿಕೊಂಡಿದ್ದ.

ನಕ್ಸಲರು ಪುಲ್ಪಳ್ಳಿಯ ಪೊಲೀಸ್ ಕ್ಯಾಂಪಿಗೆ ನುಗ್ಗಿ ಗಲಾಟೆ ನಡೆದ ಮರುವರ್ಷ ಅದು. ಎಲ್ಲೆಲ್ಲೂ ಪೊಲೀಸರು, ನಾಲ್ಕು ಜನ ಒಟ್ಟಿಗೆ ನಿಂತರೆ ನಕ್ಸಲರೇ ಎಂಬ ಗುಮಾನಿ. ಹಾಗಿರುವಾಗ ಒಂದು ಸಂಜೆ ಪೈಲಿ ಅಂದ: "ದೈವವುಂ ಪಂಡ್ ನಮ್ಮಳೆಪ್ಪೋಲೆ ಒರಾಳ್ ಆಯಿರುನ್ನು." ವರ್ಕಿ ಕಿವಿ ಮುಚ್ಚಿಕೊಂಡು ಎದ್ದುಹೋದ. ಅಂಗಡಿ ಮುಂದೆ ಚಾಯ ಕುಡಿಯುತ್ತಿದ್ದ ತೋಟದ ಕೂಲಿಯವರಲ್ಲಿ ಕೆಂಪಿ ಎಂಬ ಹೆಂಗಸು ಮಹದೇವಪ್ಪನನ್ನು ಕೇಳಿದಳು. ಅವಳಿಗೆ ಮಲಯಾಳ ಅಷ್ಟಕ್ಕಷ್ಟೆ.

"ಗೌಡ್ರೇ, ಪೈಲಿಚೇಟ ಏನಂದ್ರು?"

"ದೇವ್ರೂ ಹಿಂದೆ ನಮ್ಮ ಹಾಗೇ ಒಂದಾಳಾಗಿದ್ದನಂತೆ."

ಮಲಯಾಳದ ಆಳ್ ಎಂದರೆ ಬರೀ ಮನುಷ್ಯ. ಕೆಂಪಿಯ ಕನ್ನಡದಲ್ಲಿ ಆಳು ಎಂದರೆ ಒಡೆಯನ ತೋಟದಲ್ಲಿ ಕಳೆ ಕೀಳುವವನು. ಮಹದೇವಪ್ಪನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಾಲಿಗೆಗೆ ಸಿಕ್ಕ ಮಾತು ಜಾರಿಬಿಟ್ಟಿತು, ಅಷ್ಟೆ.

ಕೆಂಪಿ ಗ್ಲಾಸು ಕೆಳಗಿಟ್ಟಳು. "ದೇವ್ರು ಆಳಾಗಿದ್ನಾ? ಯಾರ ತೋಟದಾಗೆ ಪಣಿ ಮಾಡ್ತಿದ್ದ?"

ಕೂಲಿಯವರೆಲ್ಲ ನಕ್ಕರು. ಆಮೇಲೆ ನಗು ನಿಂತು ಎಲ್ಲರ ಮುಖದಲ್ಲೂ ಒಂದು ಬೆಳಕು ಬಂತು. ಅದನ್ನು ಕೆಡಿಸಲು ಮಹದೇವಪ್ಪನಿಗೆ ಮನಸ್ಸಾಗಲಿಲ್ಲ. ನಾಳೆ ತಿದ್ದಿದರಾಯಿತು ಎಂದುಕೊಂಡ. ಮರುದಿನ ವ್ಯಾಪಾರ ಜೋರಿತ್ತು, ಮರೆತ.

ವಾರ ಕಳೆದಿರಲಿಲ್ಲ, ತೋಟದ ಒಡೆಯ ಎಂದಿನಂತೆ "ಎಲೇ" ಎಂದು ಕೂಗಿದಾಗ ಕೆಂಪಿ ಸೊಂಟ ನೆಟ್ಟಗೆ ಮಾಡಿ ನಿಂತಳು. ಹಿಂದೆ ಹನ್ನೊಂದು ಜನ ನಿಂತರು. "ದೇವ್ರೇ ಆಳಾಗಿದ್ದೋನು. ನಮ್ಮನ್ನ ಹೆಸರು ಹಿಡ್ದು ಕರೀರಿ" ಅಂದಳು. ಯಾರು ಹೇಳಿಕೊಟ್ಟರು ಎಂದು ಒಡೆಯ ಕೇಳಿದ. ಪೈಲಿಚೇಟ ಎಂದು ಹೆಮ್ಮೆಯಿಂದಲೇ ಹೇಳಿದಳು, ಪಾಪ.

ಒಡೆಯ ದೂರು ಕೊಟ್ಟ. ಮರುದಿನ ಮಧ್ಯಾಹ್ನ ಪೊಲೀಸ್ ಜೀಪು ಬಂದು ಪೈಲಿಯನ್ನೂ ಅವನ ಪುಸ್ತಕವನ್ನೂ ಹೊತ್ತುಕೊಂಡು ಹೋಯಿತು. ಸಂಜೆ ವರ್ಕಿ ಅಂಗಡಿಗೆ ಬಂದ. ಬೆಂಚಿನಲ್ಲಿ ಕೂರಲಿಲ್ಲ.

"ಮಹದೇವಪ್ಪಾ, ಅವನ ದೇವರು ಸುಳ್ಳು. ಅದನ್ನ ಪೊಲೀಸ್ ಕ್ಯಾಂಪಲ್ಲೂ ಹೇಳಿದೆ. ಆದ್ರೆ ಅವನು ಸುಳ್ಳನಲ್ಲ. ದೇವರು ಕೂಲಿಯಾಳು ಅಂತ ಹೇಳಿ ಕೂಲಿಯವರನ್ನ ಎತ್ತಿಕಟ್ಟಿದ ಅಂತಾರೆ ಪೊಲೀಸರು. ಆಳ್ ಅಂದ್ರೆ ಏನು ಅಂತ ನೀನು ಬಂದು ಹೇಳು. ನಾನು ಅಣ್ಣ, ನನ್ನ ಮಾತು ಅವರು ನಂಬಲ್ಲ. ಎರಡು ಭಾಷೆ ಬಲ್ಲೋನು ಈ ಊರಲ್ಲಿ ನೀನೇ."

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಮಹದೇವಪ್ಪ ಅದನ್ನೇ ನೋಡುತ್ತ, "ನಂಗೆ ಅಷ್ಟು ಮಲಯಾಳ ಎಲ್ಲಿ ಬರ್ತದೆ ವರ್ಕಿಚೇಟಾ" ಎಂದ.

ಹೇಳಿದವನಿಗೇ ನಾಚಿಕೆಯಾಯಿತು. ನಾಚಿಕೆಗಿಂತ ಹೆದರಿಕೆ ದೊಡ್ಡದಿತ್ತು. ವರ್ಕಿ ಕೊಡೆ ಬಿಚ್ಚಿಕೊಂಡು ಹೋದ.

ಇಪ್ಪತ್ತೆರಡು ದಿನದ ಮೇಲೆ ಪೈಲಿ ಬಸ್ಸಿಳಿದ. ಎಡಗಾಲು ಎಳೆಯುತ್ತಿತ್ತು. ವರ್ಕಿ ಅವನ ತೋಳು ಹಿಡಿದುಕೊಂಡಿದ್ದ. ದಿನವೂ ಕ್ಯಾಂಪಿನ ಗೇಟಿನಲ್ಲಿ ನಿಂತು ಅವನೂ ಸೊರಗಿದ್ದ. ಅಣ್ಣತಮ್ಮಂದಿರು ಈ ಸಲ ಬೆಂಚಿನಲ್ಲಿ ಒತ್ತಿಕೊಂಡೇ ಕೂತರು. ದೇವರಿಗೆ ಮೈಯಿದೆಯೋ ಇಲ್ಲವೋ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮಹದೇವಪ್ಪ ಚಾಯ ಕೊಟ್ಟ. ಪೈಲಿ ಅವನ ಮುಖ ನೋಡಿ ಮೆಲ್ಲಗೆ ಹೇಳಿದ: "ಒರಾಳ್ ವನ್ನಾಲ್ ಮದಿಯಾಯಿರುನ್ನು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಹೊರಗಿನಿಂದ ಕೆಂಪಿ ಕೇಳಿದಳು, "ಗೌಡ್ರೇ, ಏನಂದ್ರು?"

ಮಹದೇವಪ್ಪ ಗ್ಲಾಸು ತೊಳೆಯುತ್ತ ಹೇಳಿದ, "ಒಂದಾಳು ಬಂದಿದ್ರೆ ಸಾಕಿತ್ತು ಅಂತಾರೆ."

"ಅಯ್ಯೋ, ನಾವು ಹನ್ನೆರಡಾಳು ಇದ್ವಲ್ಲ" ಎಂದಳು ಕೆಂಪಿ. "ಒಂದು ಮಾತು ಹೇಳಿದ್ರೆ ಎಲ್ಲಾರೂ ಬರ್ತಿದ್ವಿ. ನೀವ್ಯಾಕೆ ಹೇಳಲಿಲ್ಲ?"

ಈ ಸಲವೂ ಮಹದೇವಪ್ಪ ಆಳು ಎಂಬ ಆ ಮಾತನ್ನು ತಿದ್ದಲಿಲ್ಲ.