ಬರಬೇಕಾಗಿದ್ದ ಔಷಧ

ಮುಳ್ಳು ಚುಚ್ಚಿದರೂ ಭಾಗ್ಯಜ್ಯೋತಿ ಕೊಂಬೆ ಬಿಡಲಿಲ್ಲ. ಸೋದರತ್ತೆ ಹಂಪಮ್ಮನನ್ನು ಮಣ್ಣು ಮಾಡಲು ಬುಟ್ಟಿ ತುಂಬ ಬಿಲ್ವಪತ್ರೆ ಬೇಕಿತ್ತು. ನಾರಾಯಣಪೇಟೆಯ ಅತ್ತೆಯ ಮನೆ ಹಿತ್ತಲಿನ ಆ ಮರದಿಂದ ಎರಡು ವರ್ಷ ಹೈದರಾಬಾದಿನ ಲ್ಯಾಬಿಗೆ ಚೀಲಗಟ್ಟಲೆ ಎಲೆ ಹೊತ್ತವಳು ಅವಳು. ಪತ್ರೆಯ ಕಷಾಯದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣ ಮಾಡುವುದು, ಅದು ಕ್ಯಾನ್ಸರನ್ನು ಕೊಲ್ಲುತ್ತದೆಯೇ ಎಂದು ನೋಡುವುದು ಅವಳ ಸಂಶೋಧನೆ. ಅತ್ತೆ ಸತ್ತದ್ದೂ ಎದೆಯ ಕ್ಯಾನ್ಸರಿನಿಂದಲೇ.

ಒಳಗೆ ಹಂಪಮ್ಮನನ್ನು ಗೋಡೆಗೆ ಆನಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ನಲವತ್ತು ವರ್ಷ ಮಗ್ಗದಲ್ಲಿ ಕೂತವಳನ್ನು ಸತ್ತ ಮೇಲಾದರೂ ಮಲಗಲು ಬಿಡಲಿಲ್ಲವಲ್ಲ ಎಂದು ಜ್ಯೋತಿಗೆ ಸಂಕಟವಾಯಿತು.

"ಕ್ಯಾನ್ಸರಿನ ಮೂರು ಸೂಜಿ ಆದಮ್ಯಾಗ ದವಾಖಾನಿ ಯಾಕ ಬಿಟ್ಲು?" ಕ್ರಿಯೆ ಮಾಡಿಸಲು ಬಂದಿದ್ದ ಸ್ವಾಮಿ ಶರಣಯ್ಯ ಕೇಳಿದ.

"ಸಾಕಾಗೇತಿ ಅಂದ್ಲುರೀ," ಎಂದ ಅತ್ತೆಯ ಗಂಡ ಗುರುಲಿಂಗ. "ತಿರುಗಿ ತಿರುಗಿ ನನಗೂ ಸಾಕಾಗಿತ್ತು. ಸುಮ್ಮನಾದೆ."

ಕಾರಣ ಅಷ್ಟೇ ಆಗಿದ್ದರೆ ಸಾಕಿತ್ತು. ತಾನು ಮಾಡುವ ಔಷಧಕ್ಕಾಗಿ ಅತ್ತೆ ಕಾದು ಸತ್ತಳೇನೋ ಎಂಬ ಭಯ ಬೆಳಗಿನಿಂದ ಜ್ಯೋತಿಯನ್ನು ತಿನ್ನುತ್ತಿತ್ತು.

*

ಹಿಂದಿನ ಜೂನ್, ತೆಲಂಗಾಣ ರಾಜ್ಯವಾದ ವಾರ. ಅಡುಗೆಮನೆಯಲ್ಲಿ ಜ್ಯೋತಿ ಬೆಳ್ಳಿಯ ದ್ರಾವಣಕ್ಕೆ ಕಷಾಯ ಬೆರೆಸಿ ತೋರಿಸಿದ್ದಳು. ನೀರಿನಂತಿದ್ದದ್ದು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿತು.

"ಚಾದ ಬಣ್ಣ ಬಂತು ನೋಡು! ಯಾವಾಗ ಕುಡೀಲಿ?" ಅತ್ತೆ ನಕ್ಕಳು.

ಇಲಿಗಳಿಗೂ ಇನ್ನೂ ಕೊಟ್ಟಿಲ್ಲ, ಮನುಷ್ಯರಿಗೆ ಬರಲು ವರ್ಷಗಟ್ಟಲೆ ಬೇಕು, ಬಾರದೆಯೂ ಹೋದೀತು ಎನ್ನಬೇಕಿತ್ತು. ಕೂದಲುದುರಿದ ಆ ತಲೆ ನೋಡಿ ಜ್ಯೋತಿಗೆ ಬಾಯಿ ಬರಲಿಲ್ಲ.

"ಬರ್ತೈತಿ ಅತ್ತಿ. ಸ್ವಲ್ಪ ತಡೀರಿ."

"ತಡೀತೀನಿ. ರಾಜ್ಯ ಬರಂಗಿಲ್ಲ ಅಂತಿದ್ರು, ಬರಲಿಲ್ಲೇನು?"

*

ಮಣ್ಣು ಮುಚ್ಚಿ ಮುಗಿದಾಗ ಬಿಸಿಲು ಇಳಿದಿತ್ತು. ಅತ್ತೆಗೆ ನೂಲು ಸುತ್ತಿಕೊಡುತ್ತಿದ್ದ ಪಕ್ಕದ ಮನೆಯ ಪೆಂಟಮ್ಮ ಜ್ಯೋತಿಯನ್ನು ಬದಿಗೆ ಕರೆದಳು.

"ಅಕೀಗಂತೂ ಸಿಗಲಿಲ್ಲ. ನನಗಾರ ಎರಡು ಹನಿ ಎತ್ತಿಡವ್ವಾ." ಜ್ಯೋತಿಯ ಕೈ ಹಿಡಿದು ಸೆರಗಿನೊಳಗೆ ಎದೆಯ ಮೇಲಿಟ್ಟುಕೊಂಡಳು. ಗಂಟು ನಿಂಬೆಕಾಯಿಯಷ್ಟಿತ್ತು.

"ಎಷ್ಟು ದಿನ ಆತು ಪೆಂಟಕ್ಕ?"

"ದಸರಾ ಮುಂದಿನ ಬತುಕಮ್ಮ ಹಬ್ಬದಿಂದ. ದವಾಖಾನಿಗೆ ಹೊಂಟಿದ್ದೆ. ಹಂಪಮ್ಮಕ್ಕ ಬ್ಯಾಡ ಅಂದ್ಲು. ಜ್ಯೋತಿ ಔಷಧ ಬರೋತನಕ ಇಬ್ರೂ ಕಾಯೋಣು ಅಂದ್ಲು."

ಇಬ್ಬರೂ.

"ಔಷಧ ಇಲ್ಲಕ್ಕಾ. ಅತ್ತಿಗೆ ನಾ ಸುಳ್ಳು ಹೇಳಿದ್ದೆ."

ಪೆಂಟಮ್ಮ ಅವಳ ಕೈ ತಳ್ಳಿದಳು. "ಸಾಯೋತನಕ ನಿನ್ನ ಹೆಸರೇ ಹೇಳಿದ್ಲಲ್ಲೇ!"

"ಬೈರಿ. ಬಸ್ಸಿನ್ಯಾಗ ಕುಂತು ಬೈರಿ. ನಾಳೆ ಮುಂಜಾನೆ ನನ್ನ ಜೋಡಿ ದವಾಖಾನಿಗೆ ಬರ್ರಿ."

ಪೆಂಟಮ್ಮ ಸೆರಗು ಹೊದ್ದು ಹೊರಟುಹೋದಳು. ಆದರೆ ಬೆಳಗಿನ ಮೊದಲ ಬಸ್ಸಿನಲ್ಲಿ ಕೂತಿದ್ದಳು, ಪಕ್ಕದ ಸೀಟಿನ ಮೇಲೆ ತನ್ನ ಚೀಲವಿಟ್ಟುಕೊಂಡು. ಜ್ಯೋತಿ ಕಂಬಿ ಹಿಡಿದು ನಿಂತಳು. ದಾರಿಯ ದೇವರಕದ್ರ ಊರು ದಾಟಿದ ಮೇಲೆ ಪೆಂಟಮ್ಮ ಕಿಟಕಿಯಾಚೆ ನೋಡುತ್ತಲೇ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.