ಎರಡು ಗುಟುಕು ಹಾಲು

ಮಗುವಿಗೆ ಒಂದೂವರೆ ವರ್ಷ. ಗುಂಡುಗುಂಡಗೆ ಇದ್ದದ್ದಕ್ಕೆ ಎಲ್ಲರೂ ಬಟಾಣಿ ಎಂದು ಕರೆಯುತ್ತಿದ್ದರು. ನೆಗಡಿ ಬಂದರೆ ಸಾಕು, ಹಿಂದೆಯೇ ಕಿವಿನೋವು. ರಾತ್ರಿಯೆಲ್ಲ ಅಳು, ಬೆಳಿಗ್ಗೆ ದಿಂಬಿನ ಮೇಲೆ ಕೀವಿನ ಕಲೆ. ಔಷಧಿ ಹಾಕಿದರೆ ಕಡಿಮೆಯಾಗುತ್ತಿತ್ತು. ಮುಂದಿನ ನೆಗಡಿಗೆ ಮತ್ತೆ ಅದೇ ಕಥೆ.

ಅಪ್ಪನದು ಕ್ಷೌರದ ಅಂಗಡಿ. ಬೀದಿಯ ಸಲಹೆಗಳೆಲ್ಲ ಮೊದಲು ಬಂದು ಕೂರುವುದು ಅವನ ಕುರ್ಚಿಯಲ್ಲೇ. ಮುಖದ ತುಂಬ ಸೋಪಿನ ನೊರೆ ಇದ್ದರೂ ಜನ ಬಾಯಿ ಮುಚ್ಚುವುದಿಲ್ಲ. ಒಬ್ಬರು ಬಿಸಿ ಎಣ್ಣೆ ಬಿಡು ಎಂದರು, ಇನ್ನೊಬ್ಬರು ಹಲ್ಲು ಬರುವಾಗ ಇದೆಲ್ಲ ಮಾಮೂಲಿ ಎಂದರು. ಇವನೂ ಏನು ಕಡಿಮೆಯಲ್ಲ. ಗಿರಾಕಿಗಳ ಕಿವಿಯ ಸುತ್ತ ಕತ್ತರಿ ಆಡಿಸಿ ಪಳಗಿದ ಕೈ ಎಂಬ ಜಂಬದಲ್ಲಿ ಮಗಳ ಕಿವಿಯನ್ನು ತಾನೇ ಹತ್ತಿ ಸುತ್ತಿದ ಕಡ್ಡಿಯಿಂದ ಶುಚಿ ಮಾಡುತ್ತಿದ್ದ.

ಎದುರು ಮನೆಯ ನರ್ಸ್ ಒಂದು ಸಂಜೆ ಇದನ್ನು ಕಂಡಳು.

"ಕಡ್ಡಿ ಕೆಳಗಿಡಣ್ಣ. ಹೊರಗಡೆ ಒರೆಸು ಸಾಕು. ಒಳಗೆ ಎಣ್ಣೆನೂ ಬೇಡ, ಕಡ್ಡಿನೂ ಬೇಡ. ಕಿವಿಪರದೆಗೆ ತಾಗಿದ್ರೆ ಏನ್ ಗತಿ?"

"ಕಿವಿ ವಿಷ್ಯ ನಂಗೇ ಹೇಳ್ಕೊಡ್ತೀಯಾ ತಾಯಿ?"

"ನಿಂಗೆ ಗೊತ್ತಿರೋದು ಕಿವಿ ಮೇಲಿನ ಕೂದಲು. ಇದು ಒಳಗಿನ ವಿಷ್ಯ. ಇಷ್ಟೊತ್ತಿಗೆ ಅಮ್ಮ, ಅಪ್ಪ ಅಂತ ಅನ್ಬೇಕಿತ್ತಲ್ಲ ಮಗು. ಅಂತಾಳಾ?"

ಅವನು ಕಡ್ಡಿ ಕೆಳಗಿಟ್ಟ. ಮಗು ಒಂದು ಮಾತೂ ಆಡುತ್ತಿರಲಿಲ್ಲ. ಆ ಭಯವನ್ನು ಅವನು ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಾರನೆಯ ದಿನ ನರ್ಸೇ ಅವರನ್ನು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಪರೀಕ್ಷೆ ಮಾಡಿದರು. ಪರದೆಯ ಹಿಂದೆ ಅಂಟಂಟಾದ ನೀರು ತಿಂಗಳುಗಟ್ಟಲೆ ನಿಂತಿದೆ, ಅದಕ್ಕೇ ಮಗುವಿಗೆ ಸರಿಯಾಗಿ ಕೇಳಿಸುತ್ತಿಲ್ಲ, ಕೇಳಿಸದಿದ್ದರೆ ಮಾತೂ ತಡವಾಗುತ್ತದೆ ಎಂದರು. ಇನ್ನು ಔಷಧಿಯಿಂದ ಆಗುವ ಕೆಲಸವಲ್ಲ. ಪರದೆಯಲ್ಲಿ ಸಣ್ಣ ತೂತು ಮಾಡಿ, ಅಕ್ಕಿಕಾಳಿಗಿಂತ ಚಿಕ್ಕ ನಳಿಕೆ ಕೂರಿಸಬೇಕು. ಆಗ ನೀರು ಹೊರಬರುತ್ತದೆ, ಗಾಳಿ ಒಳಗೆ ಆಡುತ್ತದೆ. ಕೆಲವು ತಿಂಗಳಾದ ಮೇಲೆ ನಳಿಕೆ ಸಾಮಾನ್ಯವಾಗಿ ತಾನೇ ಉದುರಿಹೋಗುತ್ತದೆ.

"ಚಿಕ್ಕ ಆಪರೇಷನ್ನು," ಎಂದರು ಡಾಕ್ಟರು. ಚಿಕ್ಕದು ಎನ್ನುವುದು ಮಾಡುವವರ ಲೆಕ್ಕ. ಮಗುವನ್ನು ಒಪ್ಪಿಸಿ ಹೊರಗೆ ಕೂರುವವರಿಗೆ ಯಾವುದೂ ಚಿಕ್ಕದಲ್ಲ. ಆ ವಾರ ಅಪ್ಪ ಕತ್ತಿ ಹಿಡಿಯಲು ತನ್ನ ಕೈಯನ್ನೇ ನಂಬದೆ, ಗಡ್ಡ ಬೋಳಿಸಲು ಬಂದವರನ್ನು ಏನೋ ನೆಪ ಹೇಳಿ ವಾಪಸು ಕಳಿಸಿದ.

ಅಜ್ಜಿಯಂತೂ ಒಪ್ಪಲೇ ಇಲ್ಲ. "ಇಷ್ಟು ಎಳೆ ಕೂಸಿಗೆ ಮತ್ತು ಬರೋ ಔಷಧಿ ಕೊಡ್ತಾರಂತೆ. ಎಚ್ಚರ ಆಗ್ದೆ ಹೋದ್ರೆ? ದೊಡ್ಡವಳಾದ್ರೆ ಎಲ್ಲ ಸರಿಹೋಗುತ್ತೆ, ಬಿಡ್ರೋ."

"ಅದಕ್ಕೇ ಅಂತ ಒಬ್ರು ಡಾಕ್ಟರು ಇರ್ತಾರೆ ಅಜ್ಜಿ," ಎಂದಳು ನರ್ಸ್. "ಆಪರೇಷನ್ ಮುಗಿಯೋ ತನಕ ಮಗು ಉಸಿರು ನೋಡ್ಕೊಳ್ಳೋದೇ ಅವರ ಕೆಲಸ. ಭಯ ನಂಗೂ ಅರ್ಥ ಆಗುತ್ತೆ. ಆದ್ರೆ ಕಾದಷ್ಟೂ ಮಾತು ಕಲಿಯೋ ಕಾಲ ಕಳೀತಾ ಹೋಗುತ್ತೆ."

ಅಜ್ಜಿ ಮುಖ ತಿರುಗಿಸಿದಳು. ಆದರೂ ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದಳು.

ಆಪರೇಷನ್ನಿನ ದಿನ ಮಗು ಖಾಲಿ ಹೊಟ್ಟೆಯಲ್ಲಿರಬೇಕು ಎಂದು ಆಸ್ಪತ್ರೆಯವರು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿದ್ದರು. ಅವರು ಅಜ್ಜಿಗೆ ಹೇಳಿದ್ದು ಇಷ್ಟೇ: "ಬೆಳಿಗ್ಗೆ ಏನೂ ಕೊಡ್ಬೇಡಮ್ಮ."

ಆ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಬಟಾಣಿ ಅಜ್ಜಿಯ ತೊಡೆಯಲ್ಲಿ ತಣ್ಣಗೆ ಕೂತಿದ್ದಳು. ಹಸಿದ ಮಗು ಇಷ್ಟು ಸುಮ್ಮನಿರುವುದು ಅಪ್ಪನಿಗೆ ವಿಚಿತ್ರ ಎನಿಸಿತು. ಬಗ್ಗಿ ಮಗುವಿನ ಗಲ್ಲ ಒರೆಸಿದ. ಹಾಲಿನ ವಾಸನೆ.

"ಅಮ್ಮಾ, ಏನಾದ್ರೂ ಕೊಟ್ಯಾ?"

ಅಜ್ಜಿ ನೆಲ ನೋಡಿದಳು. "ಎರಡೇ ಗುಟುಕು ಕಣೋ. ಅಳ್ತಾ ಇತ್ತು. ನೀನು ಆಟೋ ತರೋಕೆ ಹೋಗಿದ್ದೆ, ಅವಳು ಸ್ನಾನಕ್ಕೆ ಹೋಗಿದ್ಲು."

ಅಪ್ಪ ಡಾಕ್ಟರ ಕೋಣೆಯ ಕಡೆ ನೋಡಿದ. ಈ ದಿನ ಸಿಗಲು ಎಷ್ಟು ಕಾದಿದ್ದರು. ಹೇಳಿದರೆ ವಾಪಸು ಕಳಿಸುತ್ತಾರೆ, ಮತ್ತೆ ಕಿವಿ ಸೋರುತ್ತದೆ, ಮತ್ತೆ ಕಾಯಬೇಕು. ಎರಡು ಗುಟುಕು ತಾನೇ, ಇಷ್ಟು ಹೊತ್ತಿಗೆ ಅರಗಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಅಷ್ಟರಲ್ಲಿ ಮಗುವಿನ ಅಮ್ಮ ಕೌಂಟರಿನಿಂದ ಬಂದಳು. ಹಿಂದೆಯೇ ಮತ್ತು ಬರುವ ಔಷಧಿ ಕೊಡುವ ಡಾಕ್ಟರೂ ಬಂದರು. "ಮಗೂಗೆ ಬೆಳಿಗ್ಗೆಯಿಂದ ಏನಾದ್ರೂ ಕೊಟ್ಟಿದೀರಾ?"

"ಇಲ್ಲ ಡಾಕ್ಟ್ರೇ," ಎಂದಳು ಏನೂ ಅರಿಯದ ಅಮ್ಮ.

ಅಪ್ಪ ಅದನ್ನು ತಿದ್ದಲಿಲ್ಲ. ಡಾಕ್ಟರು ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರು. ಅಜ್ಜಿ ಮಗುವನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು.

"ಹಾಲು ಕುಡಿಸಿದೀನಿ. ನಾನೇ. ಇವರಿಗೆ ಗೊತ್ತಿಲ್ಲ."

"ಎಷ್ಟು ಅಜ್ಜಿ?"

ಅಜ್ಜಿ ಮಗನ ಕಡೆ ನೋಡಲಿಲ್ಲ. "ಒಂದು ಲೋಟ."

ಡಾಕ್ಟರು ಬೈಯಲಿಲ್ಲ. ಪಕ್ಕದಲ್ಲೇ ಕೂತು ಹೇಳಿದರು. "ಔಷಧಿಗೆ ಮತ್ತು ಬಂದಾಗ ಮಗೂಗೆ ಮೈಮೇಲೆ ಎಚ್ಚರ ಇರಲ್ಲ. ಹೊಟ್ಟೇಲಿರೋ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ. ನೀವು ಹೇಳಿದ್ದು ಒಳ್ಳೇದಾಯ್ತು. ಮುಂದಿನ ವಾರ ಬನ್ನಿ, ಮಾಡೋಣ."

ಅಪ್ಪ ಮಗುವನ್ನು ಅಜ್ಜಿಯ ಕೈಯಿಂದ ಎತ್ತಿಕೊಂಡ. ಅಜ್ಜಿಯೂ ತನ್ನ ಹಾಗೆ ಮುಚ್ಚಿಟ್ಟಿದ್ದರೆ ಎಂದು ಯೋಚಿಸಲೂ ಅವನಿಗೆ ಧೈರ್ಯವಾಗಲಿಲ್ಲ.

ಅಜ್ಜಿ ಅಳುತ್ತಿದ್ದಳು. "ಕೊಡ್ಬೇಡ ಅಂದ್ರಿ, ಯಾಕೆ ಅಂತ ಒಬ್ರೂ ಹೇಳ್ಲಿಲ್ಲ. ಆಪರೇಷನ್ ತಡ್ಕೊಳ್ಳೋಕೆ ಮೈಯಲ್ಲಿ ಶಕ್ತಿ ಬೇಕಲ್ಲ ಅಂದ್ಕೊಂಡೆ."

ಸೊಸೆ ಅವಳ ಕೈ ಹಿಡಿದುಕೊಂಡಳು. "ತಪ್ಪು ನಮ್ದೂ ಇದೆ ಅತ್ತೆ. ನಿಮ್ಗೆ ಕೂತು ಹೇಳ್ಬೇಕಿತ್ತು."

ಮುಂದಿನ ವಾರ ಕಾವಲು ಅಜ್ಜಿಯದೇ. ಹಾಲಿನ ಪಾತ್ರೆಯನ್ನು ಹಿಂದಿನ ದಿನವೇ ನರ್ಸಿನ ಮನೆಗೆ ಸಾಗಿಸಿದಳು. ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೀದಿಯುದ್ದಕ್ಕೂ ತಿರುಗಾಡಿದಳು. ಬಿಸ್ಕತ್ತು ಹಿಡಿದು ಬಂದ ಪಕ್ಕದ ಮನೆಯವಳನ್ನು ದೂರದಿಂದಲೇ ತಡೆದು ನಿಲ್ಲಿಸಿ, ಕಾರಣ ಸಮೇತ ಪಾಠ ಹೇಳಿದಳು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಕರೆದೊಯ್ದರು, ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ಮೂವರೂ ಬೆಂಚಿನ ಮೇಲೆ ಕಾಯುತ್ತ ಕೂತರು. ಮತ್ತೆ ಬಾಗಿಲು ತೆರೆದಾಗ ಒಳಗಿನಿಂದ ಅಳು ಕೇಳಿಸಿತು. ಮಗು ಎಚ್ಚರಗೊಂಡಿತ್ತು.

ಕೆಲವು ದಿನಗಳಾದ ಮೇಲೆ ಅಡುಗೆಮನೆಯಲ್ಲಿ ತಟ್ಟೆಯೊಂದು ಬಿತ್ತು. ಬಟಾಣಿ ಬೆಚ್ಚಿಬಿದ್ದು ಸದ್ದು ಬಂದ ಕಡೆ ತಿರುಗಿದಳು. ಮನೆಯವರೆಲ್ಲ ನಕ್ಕರು, ಅಜ್ಜಿಗೆ ಮಾತ್ರ ಕಣ್ಣು ತುಂಬಿ ಬಂತು. ಮಾತು ಬರಲು ಇನ್ನೂ ಸಮಯ ಬೇಕು. ಆದರೆ ಈಗ ಕೇಳಿಸುತ್ತಿದೆ.

ನಿಮ್ಮ ಮಗುವಿನ ಕಿವಿ ಪದೇ ಪದೇ ಸೋರುತ್ತಿದೆಯೇ? ಕರೆದರೆ ತಿರುಗುವುದಿಲ್ಲವೇ, ಮಾತು ತಡವಾಗುತ್ತಿದೆಯೇ? ಎಣ್ಣೆ, ಕಡ್ಡಿ ಎನ್ನದೆ ಡಾಕ್ಟರಿಗೆ ತೋರಿಸಿ. ಕೊಟ್ಟ ಔಷಧಿಯನ್ನು ನಡುವೆ ನಿಲ್ಲಿಸಬೇಡಿ. ಆಪರೇಷನ್ ಬೇಕು ಎಂದರೆ ಮನಸ್ಸಿನಲ್ಲಿರುವ ಭಯವನ್ನೆಲ್ಲ ಕೇಳಿ ಪರಿಹರಿಸಿಕೊಳ್ಳಿ. ಕೊನೆಯ ಹಾಲು ಎಷ್ಟು ಹೊತ್ತಿಗೆ, ಕೊನೆಯ ನೀರು ಎಷ್ಟು ಹೊತ್ತಿಗೆ ಎಂದು ನಿಮ್ಮ ಆಸ್ಪತ್ರೆಯವರು ಹೇಳಿದಂತೆ ನಡೆಯಿರಿ. ಯಾಕೆ ಎಂಬುದನ್ನು ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವ ಎಲ್ಲರಿಗೂ ಕೂರಿಸಿಕೊಂಡು ಹೇಳಿ. ಅಷ್ಟಾದರೂ ಯಾರೋ ಪ್ರೀತಿಗೆ ಏನಾದರೂ ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ. ಒಂದು ಲೋಟ ಕೊಟ್ಟಿದ್ದರೆ ಒಂದು ಲೋಟ ಎಂದೇ ಹೇಳಿ. ಡಾಕ್ಟರು ಬೈದರೆ ಬೈಸಿಕೊಳ್ಳಿ. ಆಪರೇಷನ್ನಿಗೆ ಇನ್ನೊಂದು ದಿನ ಸಿಕ್ಕೇ ಸಿಗುತ್ತದೆ.