ದೀಪದಜ್ಜನ ನಾಲ್ಕನೆಯ ಕಥೆ

“ಇಲ್ಲಿ ಸ್ವಲ್ಪ ನಿಲ್ಲಿ, ಇಲ್ಲೊಂದು ಕಥೆ ಇದೆ,” ಎನ್ನುತ್ತ ದೀಪದಜ್ಜ ತೊಂಬತ್ತನೆಯ ಮೆಟ್ಟಿಲಲ್ಲಿ ಗೋಡೆಗೆ ಕೈಯೂರಿ ನಿಂತ.

ಉತ್ತರದ ಆ ಪುಟ್ಟ ಕಡಲೂರಿನಲ್ಲಿ ಬಂದವರು ನೋಡುವುದು ಎರಡೇ: ಬಂದರಿನ ಬಳಿ ನಿಲ್ಲಿಸಿದ ತಿಮಿಂಗಿಲದ ದವಡೆ, ಆಮೇಲೆ ಈ ದೀಪಸ್ತಂಭ. ದವಡೆಗೆ ಯಾರೂ ಬೇಕಿಲ್ಲ, ಅದರ ಪಾಡಿಗೆ ಬಾಯಿ ತೆರೆದುಕೊಂಡು ನಿಂತಿರುತ್ತದೆ. ದೀಪಸ್ತಂಭಕ್ಕೆ ಮಾತ್ರ ಮೂವತ್ತು ವರ್ಷದಿಂದ ಅಜ್ಜನೇ ಬಾಯಿ. ಹತ್ತುವಾಗ ಮೂರು ಕಡೆ ನಿಂತು ಮೂರು ಕಥೆ ಹೇಳುತ್ತಿದ್ದ, ಮೂರೂ ನಿಜ. ಈ ಚಳಿಗಾಲದಲ್ಲಿ ಎದೆ ಕೈಕೊಟ್ಟ ಮೇಲೆ ನಾಲ್ಕನೆಯದು ಹುಟ್ಟಿಕೊಂಡಿತು. ಅದೂ ಕಿಟಕಿ ಸಹ ಇಲ್ಲದ ಬೋಳು ಗೋಡೆಯ ಪಕ್ಕ. ಉಸಿರು ಅಲ್ಲೇ ಕಟ್ಟಿದರೆ ಕಥೆಯೂ ಅಲ್ಲೇ ಆಗಬೇಕಲ್ಲ, ಇನ್ನೇನು ಮಾಡುವುದು?

ಇವತ್ತು ನೋಡಲು ಬಂದದ್ದು ನಿವೃತ್ತಿಯಾದ ಟೀಚರಮ್ಮ ಒಬ್ಬಳೇ. ಅವಳ ಹಿಂದೆಯೇ ಆಫೀಸರಮ್ಮ. ಅಜ್ಜ ಇನ್ನೂ ಹತ್ತಬಲ್ಲನೋ, ಇಲ್ಲ ಕೆಳಗಿನ ಗೂಡಿನಲ್ಲಿ ಟಿಕೆಟ್ ಹರಿಯಲು ಕೂರಿಸಬೇಕೋ ಎಂದು ತೀರ್ಮಾನಿಸಲು ಬಂದವಳು. ಆ ಗೂಡಿನಲ್ಲಿ ಕೂರುವುದನ್ನು ನೆನೆದೇ ಅಜ್ಜನಿಗೆ ಮೂರು ದಿನದಿಂದ ಊಟ ಸೇರಿರಲಿಲ್ಲ.

“ಹಳೇ ಕಾವಲುಗಾರ ಒಬ್ಬ... ತನ್ನ ಮಗಳ ಹೆಸರು... ಇಲ್ಲೇ ಕೆತ್ತಿದ.”

ಆಫೀಸರಮ್ಮ ಮೊಬೈಲಿನ ಟಾರ್ಚ್ ಗೋಡೆಗೆ ಹಿಡಿದಳು. “ಎಲ್ಲಿ ಅಜ್ಜ? ಏನೂ ಕಾಣ್ತಿಲ್ವಲ್ಲ.”

“ನಂಗೆ ಕಾಣ್ತಿದೆ,” ಎಂದು ಟೀಚರಮ್ಮ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಕ್ಕರಿಸಿದಳು. “ಕಣ್ಣಿಗೂ ವಯಸ್ಸಾಗ್ಬೇಕಮ್ಮ. ನೀನು ಮುಂದೆ ಹೋಗು, ನಾವು ಓದ್ಕೊಂಡು ಬರ್ತೀವಿ.”

ಆಫೀಸರಮ್ಮನ ಹೆಜ್ಜೆ ಟಪಟಪ ಮೇಲೆ ಹೋಯಿತು.

“ಹೆಸರೇನಂತೆ ಮಗೂದು?” ಟೀಚರಮ್ಮ ಪಿಸುಗುಟ್ಟಿದಳು.

“ಇನ್ನೂ ಇಟ್ಟಿಲ್ಲ.”

“ಚೆನ್ನಾಗಿದೆ ನಿಮ್ ಕಾವಲುಗಾರಂದು!”

ಅಜ್ಜನಿಗೆ ನಗು ಬಂತು, ಅದರ ಬೆನ್ನಿಗೇ ಕೆಮ್ಮು. ಅಷ್ಟರಲ್ಲಿ ಮೇಲಿನಿಂದ ಕೂಗು: “ಅಜ್ಜಾ, ಬಾಗಿಲಿಗೆ ಬೀಗ! ಕೀ ತನ್ನಿ!”

“ಬಂದೇ!” ಎಂದ. ಎರಡು ಮೆಟ್ಟಿಲು ಹತ್ತಿದ. ಮೂರನೆಯದಕ್ಕೆ ಕಾಲೆತ್ತಿದರೆ ಗೋಡೆಯೇ ವಾಲಿದಂತಾಯಿತು. ಟೀಚರಮ್ಮ ಎದ್ದು ಅವನ ಮೊಣಕೈ ಹಿಡಿದುಕೊಂಡಳು.

“ಮೇಡಂ,” ಅಜ್ಜ ಕೂಗಿದ, “ನೀವೇ ಇಳಿದು ಬನ್ನಿ. ನನ್ ಕೈಲಾಗಲ್ಲ.”

ಇಳಿದು ಬಂದ ಆಫೀಸರಮ್ಮ ಅವನ ಮುಖ ನೋಡಿ ಟಾರ್ಚ್ ಆರಿಸಿದಳು. ಅಜ್ಜ ಸೊಂಟದಿಂದ ಕೀ ಬಿಚ್ಚಿ ಅವಳ ಅಂಗೈಯಲ್ಲಿಟ್ಟ.

“ಬಾಗಿಲನ್ನ ಸ್ವಲ್ಪ ಮೇಲಕ್ಕೆತ್ತಿ ಕೀ ತಿರುಗಿಸ್ಬೇಕು. ಜೋರು ಮಾಡ್ಬೇಡಿ. ಮೊದಲು ಹಟ ಮಾಡುತ್ತೆ, ಆಮೇಲೆ ಬಿಡುತ್ತೆ.”

“ಸರಿ ಅಜ್ಜ. ನೀವು ಕೂತ್ಕೊಳ್ಳಿ.”

ಕೂತ. ಮೇಲೆ ಬೀಗ ಒಮ್ಮೆ ಕಚ್ಚಿಕೊಂಡಿತು, ಇನ್ನೊಮ್ಮೆ ಕಚ್ಚಿಕೊಂಡಿತು. ಅಜ್ಜನ ಕೈ ಗಾಳಿಯಲ್ಲೇ ಮೆಲ್ಲಗೆ ತಿರುಗಿತು. ಬಾಗಿಲು ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಡಲ ತಣ್ಣನೆ ಗಾಳಿ ಸುತ್ತು ಮೆಟ್ಟಿಲಿಳಿದು ಬಂದು ಟೀಚರಮ್ಮನ ಶಾಲಿನ ಅಂಚನ್ನು ಎತ್ತಿತು.